ಟೀಮಕ್ಸ್ ಎದ್ದಾಗ ಕೆಲಸವೂ ಎದ್ದು ನಿಲ್ಲಲಿ

ಮಂಗಳೂರಿನ ಮಳೆಗಾಲದಲ್ಲಿ ಮನೆಯಿಂದಲೇ ಕೋಡ್ ಬರೆಯುವವರಿಗೆ ಇದನ್ನು ಹೇಳಲೇಬೇಕು. ಟೀಮಕ್ಸ್ (tmux) ಅಂದರೆ ಒಂದೇ ಟರ್ಮಿನಲ್ಲಿನಲ್ಲಿ ಹಲವು ಶೆಲ್‌ಗಳನ್ನು ತೆರೆದಿಡುವ ಪ್ರೋಗ್ರಾಮ್; ಹಾಗೆ ತೆರೆದಿಟ್ಟ ಗುಂಪೇ ಸೆಷನ್. ಸರ್ವರಿನಲ್ಲಿ ಅದು ಓಡುತ್ತಿದ್ದರೆ ನೆಟ್ ಹೋದರೂ ಸೆಷನ್ ಹಾಗೇ ಇರುತ್ತದೆ. ಆದರೆ ಗುಡುಗು ಬಂದು, ಕರೆಂಟ್ ಹೋಗಿ, ಯುಪಿಎಸ್ಸೂ ಖಾಲಿಯಾಗಿ ನಮ್ಮ ಮೆಷಿನ್ನೇ ಆಫ್ ಆದರೆ ಅದರಲ್ಲಿದ್ದ ಸೆಷನ್ ಉಳಿಯುವುದಿಲ್ಲ. ಆಮೇಲೆ ಒಂದೊಂದೇ ಪೇನ್ (ಪರದೆಯ ಒಂದು ಭಾಗ) ತೆರೆದು, ಫೋಲ್ಡರಿಗೆ ಹೋಗಿ, ಡೇಟಾಬೇಸ್, ವೆಬ್ ಸರ್ವರ್, ಲಾಗ್ ಎಲ್ಲ ಕೈಯಲ್ಲೇ ಶುರು ಮಾಡುವವರು ಜಾಸ್ತಿ. ಇದು ಬೇಡ ಮಾರಾಯ್ರೆ. ಒಂದು ಸಣ್ಣ ಶೆಲ್ ಸ್ಕ್ರಿಪ್ಟ್, ಅಂದರೆ ಕಮಾಂಡುಗಳನ್ನು ಸಾಲಾಗಿ ಬರೆದಿಟ್ಟ ಫೈಲ್, ಸಾಕು.

ಎಲ್ಲವನ್ನೂ ಟೀಮಕ್ಸ್ ಕಾನ್ಫಿಗ್ ಫೈಲಿಗೇ ತುರುಕುವುದು ನನಗೆ ಸರಿ ಕಾಣುವುದಿಲ್ಲ. ಟೀಮಕ್ಸ್ ಸರ್ವರ್ (ಸೆಷನ್‌ಗಳನ್ನು ಹಿನ್ನೆಲೆಯಲ್ಲಿ ನಡೆಸುವ ಟೀಮಕ್ಸಿನ ಭಾಗ) ಶುರುವಾಗುವಾಗ ಒಮ್ಮೆ ಮಾತ್ರ ಅದನ್ನು ಓದುತ್ತದೆ. ಆಮೇಲೆ ಇನ್ನೊಂದು ಪ್ರಾಜೆಕ್ಟಿಗೆ ಸೆಷನ್ ತೆರೆದರೆ ಅದರಲ್ಲಿರುವ ಕಮಾಂಡುಗಳು ಮತ್ತೆ ಓಡುವುದಿಲ್ಲ. ಕೀ, ಬಣ್ಣ ಅಲ್ಲಿರಲಿ. ಕೆಲಸ ಶುರು ಮಾಡುವ ಸಾಲುಗಳು ಆಯಾ ಪ್ರಾಜೆಕ್ಟಿನ ಸ್ಕ್ರಿಪ್ಟಿನಲ್ಲಿರಲಿ.

ಸ್ಕ್ರಿಪ್ಟ್ ಮೊದಲು ಹ್ಯಾಸ್-ಸೆಷನ್ ಕಮಾಂಡಿನಿಂದ ಆ ಹೆಸರಿನ ಸೆಷನ್ ಇದೆಯಾ ಅಂತ ಕೇಳಬೇಕು. ಸೆಷನ್ ಆಗಲೇ ಇದ್ದರೆ ಸುಮ್ನೆ ಅಟ್ಯಾಚ್, ಅಂದರೆ ಅದರೊಳಗೆ ಹೋಗುವುದು. ಇಲ್ಲದಿದ್ದರೆ ನ್ಯೂ-ಸೆಷನ್, ಜೊತೆಗೆ ಹಿನ್ನೆಲೆಯಲ್ಲೇ ತೆರೆಯಲು ಮೈನಸ್ ಡಿ. ಪೇನ್‌ಗಳನ್ನು ತೆರೆಯಲು ಬೇಕಾದಷ್ಟು ಸ್ಪ್ಲಿಟ್-ವಿಂಡೋ. ಕೊನೆಗೆ ಅಟ್ಯಾಚ್.

ಕಮಾಂಡ್ ಓಡಿಸುವಾಗ ಮಾತ್ರ ಸ್ವಲ್ಪ ಗಮನ ಬೇಕು. ಪೇನ್ ತೆರೆಯುವಾಗಲೇ ಕಮಾಂಡ್ ಕೊಟ್ಟರೆ, ಅದು ಮುಗಿದ ಕೂಡಲೇ ಪೇನೂ ಮುಚ್ಚಿಕೊಳ್ಳುತ್ತದೆ. ವೆಬ್ ಸರ್ವರ್ ಯಾಕೆ ಬಿತ್ತು ಅಂತ ಓದಲು ಎರರ್ ಮೆಸೇಜೇ ಇರುವುದಿಲ್ಲ. ಪೇನ್ ಮುಚ್ಚದಂತೆ ತಡೆಯುವ ರಿಮೈನ್-ಆನ್-ಎಕ್ಸಿಟ್ ಆನ್ ಮಾಡಬಹುದು. ನನಗೆ ಅದಕ್ಕಿಂತ ಸೆಂಡ್-ಕೀಸ್ ಇಷ್ಟ. ನಾವೇ ಟೈಪ್ ಮಾಡಿದಂತೆ ಅದು ಶೆಲ್ಲಿಗೆ ಅಕ್ಷರ ಕಳಿಸುತ್ತದೆ. ಪ್ರೋಗ್ರಾಮ್ ನಿಂತರೂ ಶೆಲ್ ಇರುತ್ತದೆ. ಮೇಲಿನ ಬಾಣದ ಕೀ ಒತ್ತಿದರೆ ಮತ್ತೆ ಓಡಿಸಬಹುದು.

ಇದೇ ಕೆಲಸಕ್ಕೆ ಇರುವ ಟೀಮಕ್ಸಿನೇಟರ್, ಟೀಮಕ್ಸ್‌ಪಿ ಎಂಬ ಪ್ರೋಗ್ರಾಮುಗಳು ಒಳ್ಳೆಯವೇ. ಆದರೆ ಒಂದಕ್ಕೆ ರೂಬಿ ಬೇಕು, ಇನ್ನೊಂದಕ್ಕೆ ಪೈಥಾನ್. ಟೀಮಕ್ಸಿಗೆ ಸೇರಿಸಬಹುದಾದ ರಿಸರೆಕ್ಟ್ ಪ್ಲಗಿನ್ ಪೇನ್‌ಗಳ ಜೋಡಣೆಯನ್ನು ವಾಪಸ್ ತರುತ್ತದೆ, ಆದರೆ ನಾವು ಬೇರೆ ಹೇಳದಿದ್ದರೆ ವಿಮ್, ಲೆಸ್, ಟಾಪ್ ತರಹದ ಕೆಲವೇ ಪ್ರೋಗ್ರಾಮುಗಳನ್ನು ಮತ್ತೆ ಶುರು ಮಾಡುತ್ತದೆ. ಕಲಿಯುವ ಮಕ್ಕಳು ಮೊದಲು ತಾವೇ ಸ್ಕ್ರಿಪ್ಟ್ ಬರೆಯಲಿ. ಟೀಮಕ್ಸ್ ಒಳಗೆ ಏನು ನಡೆಯುತ್ತದೆ ಅಂತ ಆಗ ಗೊತ್ತಾಗುತ್ತದೆ.

ಎಲ್ಲವೂ ತಾನಾಗೇ ಓಡಬೇಕು ಅಂತಲೂ ಇಲ್ಲ. ಡೇಟಾಬೇಸ್ ಬದಲಿಸುವ ಕಮಾಂಡ್, ಡಿಪ್ಲಾಯ್ ಮಾಡುವ (ಕೋಡನ್ನು ಜನ ಬಳಸುವ ಸರ್ವರಿಗೆ ಹಾಕುವ) ಕಮಾಂಡ್ ಇವನ್ನು ತಾನಾಗೇ ಓಡಲು ಖಂಡಿತ ಬಿಡಬೇಡಿ. ಅವಕ್ಕೆ ಸೆಂಡ್-ಕೀಸ್ ಸಾಲಿನ ಕೊನೆಯ ಎಂಟರ್ ತೆಗೆದುಬಿಡಿ. ಕಮಾಂಡ್ ಪೇನಿನಲ್ಲಿ ಟೈಪ್ ಆಗಿ ಕಾಯುತ್ತಿರುತ್ತದೆ, ನೀವು ಓದಿ ನೋಡಿ ಎಂಟರ್ ಒತ್ತಿದರಾಯಿತು. ಈ ಸ್ಕ್ರಿಪ್ಟನ್ನು ಪ್ರಾಜೆಕ್ಟಿನ ಗಿಟ್‌ನಲ್ಲೇ ಇಡಿ. ಟೀಮಿಗೆ ಹೊಸಬರು ಬಂದಾಗ ಯಾವುದನ್ನು ಮೊದಲು ಓಡಿಸಬೇಕು ಅಂತ ನಿಮ್ಮನ್ನು ಕೇಳುತ್ತಾ ಕೂರಬೇಕಾಗಿಲ್ಲ.