68 ಸಲ ನೆಲಕ್ಕೆ ಬಿದ್ದ ಹುಡುಗ

ನಿನ್ನೆ, 2025ರ ಜನವರಿ 5ರಂದು, ಗ್ರೀನ್ ಬೇಯಲ್ಲಿ ನಮ್ಮ ಅಮೆರಿಕನ್ ಫುಟ್‌ಬಾಲ್ ತಂಡ ಶಿಕಾಗೊ ಬೇರ್ಸ್ ಗೆದ್ದಿತು. 24–22. ಗಡಿಯಾರದಲ್ಲಿ ಸಮಯ ಮುಗಿದುಹೋಗುತ್ತಿದ್ದಾಗ ಕೈರೊ ಸಾಂಟೋಸ್ 51 ಗಜ ದೂರದಿಂದ ಒದ್ದ ಚೆಂಡು ಎರಡು ಕಂಬಗಳ ನಡುವೆ ಹಾದುಹೋಯಿತು. ಸತತ ಹತ್ತು ಸೋಲುಗಳ ನಂತರ ಸಿಕ್ಕ ಗೆಲುವು. ಗ್ರೀನ್ ಬೇಯ ಪ್ಯಾಕರ್ಸ್ ತಂಡದ ಎದುರಂತೂ ಹನ್ನೊಂದು ಸೋಲುಗಳ ಸರಣಿ ಮುರಿಯಿತು. ತಂಡ ಕಟ್ಟಿದ ಜಾರ್ಜ್ ಹಾಲಸ್ ಅವರ ಮಗಳು, ಅಂದಿನ ಒಡತಿ ವರ್ಜೀನಿಯಾ ಮೆಕ್ಯಾಸ್ಕಿ ಅವರಿಗೆ ನಿನ್ನೆಯೇ 102 ವರ್ಷ ತುಂಬಿತು. ನಮ್ಮ ಮನೆಯಲ್ಲಿ ಮಗ ಸೋಫಾ ಹತ್ತಿ ಕುಣಿದ. ನಾನೂ ಕೂಗಿದೆ. ಆದರೂ ರಾತ್ರಿ ದೀಪ ಆರಿಸಿ ಮಲಗಿದ ಮೇಲೆ ಒಂದೇ ಸಂಖ್ಯೆ ತಲೆಯಲ್ಲಿ ಸುತ್ತುತ್ತಿತ್ತು: 68.

2024ರ ಈ ಋತುವಿನ ಹದಿನೇಳು ಪಂದ್ಯಗಳಲ್ಲಿ ನಮ್ಮ ಕ್ವಾರ್ಟರ್‌ಬ್ಯಾಕ್ ಕೇಲೆಬ್ ವಿಲಿಯಮ್ಸ್ ಅವರನ್ನು ಎದುರಾಳಿಗಳು ಅಷ್ಟು ಸಲ ನೆಲಕ್ಕೆ ಕೆಡವಿದ್ದಾರೆ. ವಯಸ್ಸು 23. ಇದು ಅವರ ಮೊದಲ ವರ್ಷ.

ನಮ್ಮ ಕನ್ನಡ ಗೆಳೆಯರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ನವೆಂಬರ್‌ನಿಂದ ಒಂದೇ ಮಾತು. ಹುಡುಗನಲ್ಲಿ ದಮ್ಮಿಲ್ಲ, ಈ ಸಲವೂ ಮೋಸ ಹೋದೆವು, ಡ್ರಾಫ್ಟ್‌ನ (ಕಾಲೇಜು ಆಟಗಾರರನ್ನು ತಂಡಗಳು ಸರದಿಯಲ್ಲಿ ಆರಿಸಿಕೊಳ್ಳುವುದು) ಮೊದಲ ಆಯ್ಕೆಯನ್ನು ಹಾಳು ಮಾಡಿಕೊಂಡೆವು ಎಂದು. ಅಲ್ಲಿ ಎರಡು ಸಾಲಿನಲ್ಲಿ ಉತ್ತರಿಸಿ ಸಾಕಾಗಿದೆ. ಹಾಗಾಗಿ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ಬೆಂಗಳೂರು, ಮೈಸೂರು, ಶಿವಮೊಗ್ಗದಲ್ಲಿ ಕುಳಿತು ಓದುವವರಿಗೂ ಅರ್ಥವಾಗಲಿ ಎಂದು ಆಟದ ಬಗ್ಗೆ ನಾಲ್ಕು ಮಾತು ಮೊದಲು ಹೇಳಿಬಿಡುತ್ತೇನೆ.

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಚೆಂಡು ಎಸೆಯುವವನು ಕ್ವಾರ್ಟರ್‌ಬ್ಯಾಕ್. ಅವನ ಮುಂದೆ ಐದು ಜನ ದೈತ್ಯರು ಅಡ್ಡಗೋಡೆಯಂತೆ ನಿಲ್ಲುತ್ತಾರೆ. ನಡುವೆ ಸೆಂಟರ್, ಅವನ ಎರಡು ಪಕ್ಕದಲ್ಲಿ ಗಾರ್ಡ್‌ಗಳು, ತುದಿಗಳಲ್ಲಿ ಟ್ಯಾಕಲ್‌ಗಳು. ಸೆಂಟರ್ ಚೆಂಡನ್ನು ಕಾಲುಗಳ ನಡುವಿನಿಂದ ಹಿಂದಕ್ಕೆ ಕೊಟ್ಟ ಕ್ಷಣದಿಂದ ಕ್ವಾರ್ಟರ್‌ಬ್ಯಾಕ್‌ಗೆ ಸಿಗುವುದು ಎರಡೂವರೆ, ಹೆಚ್ಚೆಂದರೆ ಮೂರು ಸೆಕೆಂಡು. ಅಷ್ಟರೊಳಗೆ ಎದುರಾಳಿಗಳ ನಿಲುವನ್ನು ಓದಬೇಕು, ಲೆಕ್ಕ ಹಾಕಿದ ಹೆಜ್ಜೆಗಳಷ್ಟೇ ಹಿಂದೆ ಸರಿಯಬೇಕು, ಓಡುತ್ತಿರುವ ಜೊತೆಗಾರ ತಿರುಗಿ ನೋಡುವ ಮುನ್ನವೇ ಚೆಂಡು ಕೈಬಿಟ್ಟಿರಬೇಕು. ಚೆಂಡು ಹೋಗುವುದು ಮನುಷ್ಯನ ಕಡೆಗಲ್ಲ, ಆ ಮನುಷ್ಯ ಇನ್ನರ್ಧ ಸೆಕೆಂಡಿನಲ್ಲಿ ತಲುಪಲಿರುವ ಜಾಗಕ್ಕೆ. ಇಬ್ಬರ ಲೆಕ್ಕವೂ ತಾಳೆಯಾಗದಿದ್ದರೆ ಚೆಂಡು ಬರಿಯ ಹುಲ್ಲಿನ ಮೇಲೆ ಬೀಳುತ್ತದೆ. ಗೋಡೆ ಒಡೆದು ಎದುರಾಳಿ ಒಳನುಗ್ಗಿ ಅವನನ್ನು ಕೆಡವಿದರೆ ಅದು ಸ್ಯಾಕ್. ನೂರಿಪ್ಪತ್ತು, ನೂರಮೂವತ್ತು ಕಿಲೋ ತೂಕದ ಆಳು ಓಡಿ ಬಂದು ಮೈಮೇಲೆ ಬೀಳುವುದು. ಅದೂ ಎಷ್ಟೋ ಸಲ ಬೆನ್ನ ಹಿಂದಿನಿಂದ.

ನವೆಂಬರ್ 10ರಂದು ನಾನೂ ಮಗನೂ ಸೋಲ್ಜರ್ ಫೀಲ್ಡ್‌ಗೆ ಹೋಗಿದ್ದೆವು. ಅವನಿಗೆ ಹದಿಮೂರು. ನೇಪರ್‌ವಿಲ್‌ನಿಂದ ರೈಲು ಹತ್ತಿ, ಹೆಂಡತಿ ಡಬ್ಬಿಗೆ ಹಾಕಿಕೊಟ್ಟ ಚಿತ್ರಾನ್ನವನ್ನು ರೈಲಿನಲ್ಲೇ ಮುಗಿಸಿ, ಸರೋವರದ ಗಾಳಿಗೆ ಎದುರಾಗಿ ನಡೆದು ಮೈದಾನ ಸೇರಿದೆವು. ಅವನ ಮೈಮೇಲೆ ವಿಲಿಯಮ್ಸ್ ಅವರ 18ನೇ ನಂಬರಿನ ಜೆರ್ಸಿ. ಎದುರಾಳಿ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್, ಅವರೂ ಆ ವರ್ಷ ಸೋತು ಸುಣ್ಣವಾಗಿದ್ದ ತಂಡವೇ. ನಮ್ಮ ಗೋಡೆಯ ಎರಡೂ ತುದಿಯ ಖಾಯಂ ಟ್ಯಾಕಲ್‌ಗಳು ಗಾಯಗೊಂಡು ಹೊರಗಿದ್ದರು. ಅಂದು ವಿಲಿಯಮ್ಸ್ ಒಂಬತ್ತು ಸಲ ಬಿದ್ದರು. ಮಗ ಬೆರಳು ಮಡಚುತ್ತ ಎಣಿಸುತ್ತಿದ್ದ. ಒಂಬತ್ತನೆಯದಕ್ಕೆ ಎಣಿಸಲಿಲ್ಲ, ಕೈಯನ್ನು ಜೇಬಿಗೆ ಹಾಕಿಕೊಂಡ.

ನನಗೆ ಮರೆಯಲಾಗದ್ದು ಬೀಳುವುದಕ್ಕಿಂತ ಏಳುವುದು. ಬಿದ್ದ ಪ್ರತಿ ಸಲವೂ ಅವರು ಮೊದಲು ಒಂದು ಮೊಣಕಾಲಿನ ಮೇಲೆ ಕೂರುತ್ತಿದ್ದರು. ಶಿರಸ್ತ್ರಾಣದ ಸರಳಿಗೆ ಸಿಕ್ಕಿಕೊಂಡ ಹುಲ್ಲು ಮಣ್ಣನ್ನು ಎರಡು ಬೆರಳಿನಿಂದ ಕೀಳುತ್ತಿದ್ದರು. ಆಮೇಲೆ ಮುಖ ಪಕ್ಕಕ್ಕೆ ತಿರುಗಿಸಿ, ಮುಂದಿನ ಸೂಚನೆಗಾಗಿ ಕೋಚ್‌ಗಳು ನಿಂತ ಕಡೆ ನೋಡುತ್ತಿದ್ದರು. ಸುತ್ತಲೂ ಅರವತ್ತು ಸಾವಿರದಷ್ಟು ಜನ ಛೀ ಥೂ ಎನ್ನುತ್ತಿದ್ದರು. ಪಂದ್ಯವನ್ನು 19–3ರಿಂದ ಸೋತೆವು. ಅವರು ಎಸೆದು ಗಳಿಸಿದ್ದು 120 ಗಜ. ಎರಡು ದಿನಗಳಲ್ಲಿ ಆಕ್ರಮಣ ವಿಭಾಗದ ಕೋಚ್ ಶೇನ್ ವಾಲ್ಡ್ರನ್ ಅವರನ್ನು ಮನೆಗೆ ಕಳುಹಿಸಿದರು.

ಅವರ ಜಾಗಕ್ಕೆ, ಅದುವರೆಗೆ ಎಸೆತದ ಆಟವನ್ನು ನೋಡಿಕೊಳ್ಳುತ್ತಿದ್ದ ಥಾಮಸ್ ಬ್ರೌನ್ ಬಂದರು. ಹದಿನಾರು ದಿನ ಕಳೆಯಿತು. ನವೆಂಬರ್ 28ರ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ ಡೆಟ್ರಾಯ್ಟ್‌ನಲ್ಲಿ 23–20ರ ಹಿನ್ನಡೆ, ಸಮಗೊಳಿಸುವ ಅವಕಾಶ ಕೈಯಲ್ಲಿತ್ತು. ಅರ್ಧ ನಿಮಿಷಕ್ಕಿಂತ ಸ್ವಲ್ಪ ಹೆಚ್ಚು ಸಮಯವಿದ್ದಾಗ ವಿಲಿಯಮ್ಸ್ ಮತ್ತೆ ನೆಲಕ್ಕೆ ಬಿದ್ದರು. ಗಡಿಯಾರ ನಿಲ್ಲಿಸಲು ಒಂದು ಟೈಮ್‌ಔಟ್ ಇನ್ನೂ ಬಾಕಿ ಇತ್ತು. ಯಾರೂ ಕೇಳಲಿಲ್ಲ. ಗಡಿಯಾರ ಓಡುತ್ತಲೇ ಇತ್ತು. ನಮ್ಮ ಮನೆಯ ಟಿವಿಯ ಮುಂದೆ ಹನ್ನೆರಡು ಜನ ಎದ್ದು ನಿಂತು ಟೈಮ್‌ಔಟ್, ಟೈಮ್‌ಔಟ್ ಎಂದು ಕಿರುಚುತ್ತಿದ್ದೆವು. ಆರು ಸೆಕೆಂಡು ಉಳಿದಾಗ ಚೆಂಡು ಕೈಗೆ ಬಂತು, ದೂರಕ್ಕೆ ಎಸೆದರು, ಯಾರ ಕೈಗೂ ಸಿಗಲಿಲ್ಲ. ಮರುದಿನ ಮುಖ್ಯ ಕೋಚ್ ಮ್ಯಾಟ್ ಎಬರ್‌ಫ್ಲಸ್ ಅವರ ಕೆಲಸವೂ ಹೋಯಿತು. ಬೇರ್ಸ್ ಇತಿಹಾಸದಲ್ಲಿ ಋತುವಿನ ನಡುವೆ ಮುಖ್ಯ ಕೋಚ್‌ರನ್ನು ತೆಗೆದದ್ದು ಅದೇ ಮೊದಲು. ಬ್ರೌನ್ ಹಂಗಾಮಿ ಮುಖ್ಯ ಕೋಚ್ ಆದರು. ಒಂದು ತಿಂಗಳೊಳಗೆ ಒಬ್ಬನೇ ಮನುಷ್ಯನ ಹೆಗಲ ಮೇಲೆ ಮೂರು ಹುದ್ದೆಗಳು ಒಂದರ ಮೇಲೊಂದು ಬಂದವು. ಇಂಥ ಮನೆಯಲ್ಲಿ ಇಪ್ಪತ್ತಮೂರರ ಹುಡುಗ ಏನು ಕಲಿಯಬೇಕು?

ಅವನ ತಪ್ಪೇ ಇಲ್ಲ ಎಂದು ನಾನು ವಾದಿಸುವುದಿಲ್ಲ. ತಪ್ಪಿದೆ. ಚೆಂಡನ್ನು ಅತಿಯಾಗಿ ಹಿಡಿದುಕೊಳ್ಳುತ್ತಾನೆ. ಕಾಲೇಜಿನಲ್ಲಿ ಓಡಿ ತಪ್ಪಿಸಿಕೊಂಡು ಪವಾಡ ಮಾಡಿದ ಅಭ್ಯಾಸ ಇನ್ನೂ ಬಿಟ್ಟಿಲ್ಲ. ಬಿಟ್ಟುಬಿಡಬೇಕಾದ ಜಾಗದಲ್ಲಿ ಬಿಡದೆ ಇನ್ನೊಂದು ಸುತ್ತು ಹೊಡೆಯುತ್ತಾನೆ, ಹಾಗೆ ತಾನೇ ತಂದುಕೊಂಡ ಸ್ಯಾಕ್‌ಗಳೂ ಈ ಲೆಕ್ಕದಲ್ಲಿವೆ. ದೂರದ ಎಸೆತಗಳಲ್ಲಿ, ಚೆಂಡು ಹಿಡಿಯುವ ಡಿಜೆ ಮೂರ್ ಆಗಲಿ ರೋಮ್ ಒಡುನ್ಜೆ ಆಗಲಿ ಎದುರಾಳಿಯನ್ನು ದಾಟಿ ಒಂಟಿಯಾಗಿ ಓಡುತ್ತಿದ್ದರೂ ಚೆಂಡು ಅವರ ತಲೆಯ ಮೇಲಿನಿಂದ ಹಾರಿಹೋದದ್ದನ್ನು ಎಷ್ಟು ಸಲ ನೋಡಲಿಲ್ಲ! ಅದಕ್ಕೆ ಗೋಡೆ ಕಾರಣವಲ್ಲ. ಆದರೆ ಇಷ್ಟೆಲ್ಲ ಹೊಡೆತದ ನಡುವೆಯೂ ಅವನು ಗಳಿಸಿದ್ದು 3,541 ಗಜ, 20 ಟಚ್‌ಡೌನ್ (ಚೆಂಡನ್ನು ಎದುರಾಳಿಯ ಗೋಲ್ ಗೆರೆ ದಾಟಿಸಿ ಅಂಕ ಗಳಿಸುವುದು). ಎದುರಾಳಿಯ ಕೈಗೆ ಚೆಂಡು ಕೊಟ್ಟದ್ದು ಆರೇ ಸಲ. ಹೆದರಿದ ಹುಡುಗನ ಲೆಕ್ಕ ಹೀಗಿರುವುದಿಲ್ಲ. ಅದೇ ವೇಳೆ, ಒಟ್ಟು ಗಳಿಸಿದ ಗಜಗಳಲ್ಲಿ ಲೀಗಿನ 32 ತಂಡಗಳಲ್ಲಿ ನಮ್ಮದು 32ನೆಯದು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.

ನನ್ನನ್ನು ನಿಜಕ್ಕೂ ಕಾಡುವುದು ಈ ಒಂದು ವರ್ಷವಲ್ಲ. 1920ರಲ್ಲಿ ಲೀಗ್ (ಈಗಿನ ಎನ್‌ಎಫ್‌ಎಲ್) ಹುಟ್ಟಿದಾಗಿನಿಂದ ಇರುವ ತಂಡ ಇದು. ಒಂದೇ ಋತುವಿನಲ್ಲಿ 4,000 ಗಜ ಎಸೆದ ಒಬ್ಬನೇ ಒಬ್ಬ ಕ್ವಾರ್ಟರ್‌ಬ್ಯಾಕ್ ಇಲ್ಲಿಯವರೆಗೆ ಬೇರ್ಸ್‌ಗೆ ಸಿಕ್ಕಿಲ್ಲ. ಲೀಗಿನ ಉಳಿದ 31 ತಂಡಗಳಿಗೂ ಸಿಕ್ಕಿದ್ದಾರೆ. 2024ರ ಋತು ಮುಗಿದಾಗಲೂ ನಮ್ಮ ದಾಖಲೆ 1995ರಲ್ಲಿ ಎರಿಕ್ ಕ್ರೇಮರ್ ಮಾಡಿದ 3,838. 1940ರ ದಶಕದಲ್ಲಿ ಸಿಡ್ ಲಕ್‌ಮನ್ ಎಸೆತದ ಆಟವನ್ನೇ ಹೊಸದಾಗಿ ಆಡಿ ತೋರಿಸಿದ್ದು ಇದೇ ಊರಿನಲ್ಲಿ, 1943ರಲ್ಲಿ ಒಂದೇ ಪಂದ್ಯದಲ್ಲಿ ಏಳು ಟಚ್‌ಡೌನ್ ಎಸೆದದ್ದು ಇದೇ ತಂಡಕ್ಕೆ. ಆಮೇಲೆ ರಕ್ಷಣೆಯ ಹೆಮ್ಮೆಯಲ್ಲಿ, ವಾಲ್ಟರ್ ಪೇಟನ್‌ರ ಓಟದ ನೆನಪಿನಲ್ಲಿ, 1985ರ ಚಾಂಪಿಯನ್ ತಂಡದ ಕಥೆ ಹೇಳಿಕೊಳ್ಳುವುದರಲ್ಲಿ ಈ ಒಂದು ವಿದ್ಯೆಯನ್ನು ನಾವು ಕಳೆದುಕೊಂಡೆವು.

ಕ್ವಾರ್ಟರ್‌ಬ್ಯಾಕ್ ಜೇ ಕಟ್ಲರ್ ಎಂಟು ಋತು ಇಲ್ಲಿ ಆಡಿದರು. ಆ ಎಂಟರಲ್ಲಿ ಆರು ಮಂದಿ ಆಕ್ರಮಣ ಕೋಚ್‌ಗಳು ಬದಲಾದರು. 2010ರಲ್ಲಿ ನ್ಯೂಯಾರ್ಕ್ ಜೈಂಟ್ಸ್ ತಂಡದ ಎದುರು ಒಂದು ರಾತ್ರಿ ಮೊದಲರ್ಧದಲ್ಲೇ ಅವರನ್ನು ಒಂಬತ್ತು ಸಲ ಕೆಡವಿದರು. 2021ರಲ್ಲಿ ಜಸ್ಟಿನ್ ಫೀಲ್ಡ್ಸ್ ಮೊದಲ ಬಾರಿಗೆ ಆರಂಭದಿಂದ ಆಡಿದ ಪಂದ್ಯ ಕ್ಲೀವ್‌ಲ್ಯಾಂಡ್‌ನಲ್ಲಿ. ಅಲ್ಲಿಯೂ ಒಂಬತ್ತು. ಎಸೆದು ಗಳಿಸಿದ್ದರಲ್ಲಿ ಸ್ಯಾಕ್‌ಗಳಿಂದ ಕಳೆದುಕೊಂಡದ್ದನ್ನು ಕಳೆದರೆ ಇಡೀ ದಿನ ತಂಡಕ್ಕೆ ಉಳಿದದ್ದು ಒಂದು ಗಜ. ಒಂದೇ ಒಂದು. ಬೇರೆ ಬೇರೆ ಆಟಗಾರರು, ಬೇರೆ ಬೇರೆ ವರ್ಷ, ಅದೇ ಒಂಬತ್ತು.

ಇನ್ನೊಂದು ಸಂಗತಿಯನ್ನು ಗಮನಿಸಿ. 2017ರಲ್ಲಿ, ಮುಂದೆ ಲೀಗಿನ ದೊಡ್ಡ ತಾರೆಯಾದ ಪ್ಯಾಟ್ರಿಕ್ ಮಹೋಮ್ಸ್‌ರನ್ನು ಬಿಟ್ಟು ಮಿಚೆಲ್ ಟ್ರುಬಿಸ್ಕಿಯನ್ನು ಎರಡನೆಯ ಆಯ್ಕೆಯಾಗಿ ತೆಗೆದುಕೊಂಡರು. ಅವರ ಮೊದಲ ವರ್ಷ ಮುಗಿಯುತ್ತಿದ್ದಂತೆ ಕೋಚ್ ಜಾನ್ ಫಾಕ್ಸ್ ಹೋದರು. 2021ರಲ್ಲಿ ಫೀಲ್ಡ್ಸ್ ಬಂದರು. ಮೊದಲ ವರ್ಷ ಮುಗಿಯುತ್ತಿದ್ದಂತೆ ಮ್ಯಾಟ್ ನ್ಯಾಗಿ ಹೋದರು. 2024ರಲ್ಲಿ ವಿಲಿಯಮ್ಸ್ ಬಂದರು. ವರ್ಷ ಮುಗಿಯುವುದಕ್ಕೂ ಕಾಯಲಿಲ್ಲ. ಮೂವರನ್ನೂ ಕುರ್ಚಿ ಅಲುಗಾಡುತ್ತಿದ್ದ ಕೋಚ್‌ನ ಕೈಗೆ ಕೊಟ್ಟರು. ಒಬ್ಬ ಕೋಚ್ ಎಂದರೆ ಒಂದು ಭಾಷೆ. ಪ್ರತಿ ಆಟಕ್ಕೂ ಅವರದೇ ಹೆಸರು, ಅವರದೇ ಹೆಜ್ಜೆಯ ಲೆಕ್ಕ, ಅವರದೇ ಕ್ರಮದಲ್ಲಿ ಕಣ್ಣು ಓಡಿಸುವ ಪಾಠ. ಒಂದರಲ್ಲಿ ತಡವರಿಸದೆ ಮಾತನಾಡುವಷ್ಟು ಪಳಗುವ ಹೊತ್ತಿಗೆ ಅದನ್ನು ಮರೆತು ಇನ್ನೊಂದನ್ನು ಕಲಿ ಎಂದರೆ, ಎರಡೂವರೆ ಸೆಕೆಂಡಿನಲ್ಲಿ ಯೋಚಿಸದೆ ಬರಬೇಕಾದದ್ದು ಎಲ್ಲಿಂದ ಬರುತ್ತದೆ?

ಇಲ್ಲಿಂದ ಕಾರಿನಲ್ಲಿ ಮೂರೂವರೆ ನಾಲ್ಕು ಗಂಟೆ ಉತ್ತರಕ್ಕೆ ಹೋದರೆ ಗ್ರೀನ್ ಬೇ. ಅಲ್ಲಿ 1992ರಿಂದ 2022ರವರೆಗೆ ಬ್ರೆಟ್ ಫಾರ್ವ್, ಆರನ್ ರಾಜರ್ಸ್ ಎಂಬ ಇಬ್ಬರೇ ಕ್ವಾರ್ಟರ್‌ಬ್ಯಾಕ್‌ಗಳು ಮೂವತ್ತು ವರ್ಷ ದಾಟಿಸಿದರು. ರಾಜರ್ಸ್ ಮೂರು ವರ್ಷ ಬೆಂಚಿನ ಮೇಲೆ ಕುಳಿತು ಕಲಿತರು. ಈಗಿನ ಜೋರ್ಡನ್ ಲವ್ ಕೂಡ ಮೂರು ವರ್ಷ ಕಾದರು. ಅಸೂಯೆಯಾಗುತ್ತದೆ, ಮುಚ್ಚಿಡುವುದೇಕೆ.

ಹುಡುಗ ಹಾಳಾದ ಎನ್ನುವವರಿಗೆ ನಾನು ಜೇರೆಡ್ ಗಾಫ್‌ರನ್ನು ನೆನಪಿಸುತ್ತೇನೆ. 2016ರ ಮೊದಲ ಆಯ್ಕೆ. ಆ ವರ್ಷ ರ್‍ಯಾಮ್ಸ್ ತಂಡಕ್ಕೆ ಏಳು ಪಂದ್ಯ ಆರಂಭಿಸಿ ಏಳನ್ನೂ ಸೋತರು. ಕಥೆ ಮುಗಿಯಿತು ಎಂದು ದೇಶವೇ ಬರೆಯಿತು. ಮರುವರ್ಷ ಶಾನ್ ಮೆಕ್‌ವೇ ಕೋಚ್ ಆಗಿ ಬಂದರು. ಆದರೆ ಅವರೊಬ್ಬರೇ ಬರಲಿಲ್ಲ. ಎಡ ಟ್ಯಾಕಲ್ ಆಗಿ ಅನುಭವಿ ಆಂಡ್ರೂ ವಿಟ್‌ವರ್ತ್, ಸೆಂಟರ್ ಆಗಿ ಜಾನ್ ಸಲಿವನ್ ಬಂದರು. 2017ರಲ್ಲಿ ಅದೇ ಗಾಫ್ ಇದ್ದ ತಂಡಕ್ಕೆ 11 ಗೆಲುವು, 5 ಸೋಲು. ಹುಡುಗನ ತೋಳು ಬದಲಾಗಿರಲಿಲ್ಲ. ಅವನ ಮುಂದೆ ನಿಂತವರು ಬದಲಾಗಿದ್ದರು, ಅವನ ಕಿವಿಯಲ್ಲಿ ಮಾತನಾಡುವವರು ಬದಲಾಗಿದ್ದರು. ಅವರನ್ನು ರ್‍ಯಾಮ್ಸ್ ಕೈಬಿಟ್ಟ ಮೇಲೆ ಡೆಟ್ರಾಯ್ಟ್ ಸೇರಿದರು. ಅಲ್ಲಿಯೂ ಗಟ್ಟಿ ಗೋಡೆ ಸಿಕ್ಕಿತು, 2022ರಿಂದ ಬೆನ್ ಜಾನ್ಸನ್ ಎಂಬ ಆಕ್ರಮಣ ಕೋಚ್ ಸಿಕ್ಕರು. ಈಗ ಗಾಫ್ ನಮ್ಮನ್ನು ವರ್ಷಕ್ಕೆರಡು ಸಲ ಗೋಳಾಡಿಸುತ್ತಿದ್ದಾರೆ.

ನಮ್ಮವರು ಮಾಡಿದ್ದೇನು? ಕಳೆದ ವರ್ಷ ಡ್ರಾಫ್ಟ್‌ನಲ್ಲಿ ಬೇರ್ಸ್ ಆರಿಸಿದ್ದು ಐವರನ್ನು. ವಿಲಿಯಮ್ಸ್, ಒಡುನ್ಜೆ ಇಬ್ಬರೂ ಸರಿ. ಮೂರನೆಯ ಸುತ್ತಿನಲ್ಲಿ ಒಬ್ಬ ಟ್ಯಾಕಲ್, ಅದೂ ಗಾಯದಿಂದ ಚೇತರಿಸಿಕೊಳ್ಳುತ್ತಿದ್ದವನು. ನಾಲ್ಕನೆಯ ಸುತ್ತಿನಲ್ಲಿ ಒಬ್ಬ ಪಂಟರ್. ಅಂದರೆ, ಆಕ್ರಮಣ ಸೋತಾಗ ಚೆಂಡನ್ನು ದೂರಕ್ಕೆ ಒದ್ದು ಕೊಡುವವನು! ಟೋರಿ ಟೇಲರ್ ಒಳ್ಳೆಯ ಆಟಗಾರ, ಅವರ ಮೇಲೆ ದೂರಿಲ್ಲ. ಆದರೆ ನಡುವಿನ ಮೂರು ಜಾಗಗಳು ಬಡವಾಗಿದ್ದಾಗ ಆ ಆಯ್ಕೆಯಲ್ಲಿ ಒಬ್ಬ ಗಾರ್ಡ್ ಬರಬಹುದಿತ್ತು. 2023ರಲ್ಲಿ ಮೂರು ವರ್ಷಕ್ಕೆ 30 ಮಿಲಿಯನ್ ಡಾಲರ್ ಒಪ್ಪಂದ ಮಾಡಿ ತಂದ ಗಾರ್ಡ್ ನೇಟ್ ಡೇವಿಸ್ ಅವರನ್ನು ನವೆಂಬರ್‌ನಲ್ಲಿ ಬಿಟ್ಟುಬಿಟ್ಟರು. ಸಿಂಹಾಸನಕ್ಕೆ ರಾಜಕುಮಾರನನ್ನು ತಂದು ಕೋಟೆಗೆ ಬಾಗಿಲನ್ನೇ ಇಡದ ಹಾಗೆ.

2002ರಲ್ಲಿ ಹ್ಯೂಸ್ಟನ್ ತಂಡ ಮೊದಲ ಆಯ್ಕೆಯ ಡೇವಿಡ್ ಕಾರ್ ಅವರನ್ನು ಒಂದೇ ಋತುವಿನಲ್ಲಿ 76 ಸಲ ಬೀಳಲು ಬಿಟ್ಟಿತು. ಅದು ಇಂದಿಗೂ ಲೀಗಿನ ದಾಖಲೆ. ಅವರ ತೋಳಿನಲ್ಲೂ ಶಕ್ತಿಯಿತ್ತು. ಆದರೆ ಹೊಡೆತ ತಿಂದು ತಿಂದು ಕಣ್ಣು ದೂರದ ಜೊತೆಗಾರನನ್ನು ಬಿಟ್ಟು ಹತ್ತಿರ ಬರುವವನನ್ನೇ ನೋಡಲು ಕಲಿತುಬಿಟ್ಟರೆ, ಆ ಅಭ್ಯಾಸವನ್ನು ಬಿಡಿಸುವುದು ಬಹಳ ಕಷ್ಟ. ವಿಲಿಯಮ್ಸ್‌ರ ಕಣ್ಣು ಇನ್ನೂ ದೂರವನ್ನೇ ನೋಡುತ್ತಿದೆ. ಗ್ರೀನ್ ಬೇಯಲ್ಲಿ ಒಂದು ನಿಮಿಷಕ್ಕೂ ಕಡಿಮೆ ಸಮಯವಿದ್ದಾಗ ಒಂದು ಅಂಕ ಹಿಂದಿದ್ದರೂ ಮೂರ್ ಕೈಗೆ ಚೆಂಡು ಮುಟ್ಟಿಸಿ ಸಾಂಟೋಸ್‌ಗೆ ಅವಕಾಶ ಮಾಡಿಕೊಟ್ಟದ್ದು ಅದೇ ಕಣ್ಣು. ಅದು ಕೆಡುವ ಮೊದಲು ಏನಾದರೂ ಮಾಡಿ ಎಂಬುದೇ ನನ್ನ ಕೂಗು.

2025ರ ಜನವರಿಯ ಈ ವಾರದಿಂದ ಹೊಸ ಕೋಚ್‌ನ ಹುಡುಕಾಟ ಜೋರಾಗುತ್ತದೆ. ಊರಿಗೆ ಊರೇ ಬೆನ್ ಜಾನ್ಸನ್ ಬರಲಿ ಎನ್ನುತ್ತಿದೆ. ನನ್ನ ಆಸೆಯೂ ಅದೇ. ರಕ್ಷಣೆಯಲ್ಲಿ ಪಳಗಿದ ಮುಖ್ಯ ಕೋಚ್ ಬಂದರೆ, ಆಕ್ರಮಣವನ್ನು ಚೆನ್ನಾಗಿ ಕಲಿಸುವ ಸಹಾಯಕ ಎರಡೇ ವರ್ಷಕ್ಕೆ ಬೇರೆ ಕಡೆ ಮುಖ್ಯ ಕೋಚ್ ಆಗಿ ಹೋಗುತ್ತಾನೆ, ಹುಡುಗ ಮತ್ತೆ ಹೊಸ ಭಾಷೆ ಕಲಿಯಬೇಕಾಗುತ್ತದೆ. ಕಲಿಸುವವನೇ ಮನೆಯ ಯಜಮಾನನಾಗಿರಲಿ. ಆದರೆ ಆ ಯಜಮಾನ ಯಾರೇ ಆಗಲಿ, ತಂಡದ ಜನರಲ್ ಮ್ಯಾನೇಜರ್ ರಯಾನ್ ಪೋಲ್ಸ್ ಚೆಕ್ಕಿಗೆ ಸಹಿ ಹಾಕಬೇಕಾದದ್ದು ಮೊದಲು ಗೋಡೆಗೆ.

ಇವತ್ತು ಬೆಳಿಗ್ಗೆ ಶಾಲೆಗೆ ಹೊರಡುವಾಗ ಮಗ ಶೂ ಲೇಸ್ ಕಟ್ಟುತ್ತ ಕೇಳಿದ, "ಅಪ್ಪ, ಮುಂದಿನ ವರ್ಷ ಸೆಂಟರ್ ಯಾರು?" ಕೋಚ್ ಯಾರು ಎಂದು ಕೇಳಲಿಲ್ಲ. ಅವನು ಹೋದ ಮೇಲೆ ಕುಳಿತು ಪಟ್ಟಿ ನೋಡಿದೆ. ಸೆಂಟರ್ ಕೋಲ್ಮನ್ ಶೆಲ್ಟನ್, ಎಡ ಗಾರ್ಡ್ ಟೆವೆನ್ ಜೆಂಕಿನ್ಸ್, ಬಲ ಗಾರ್ಡ್ ಮ್ಯಾಟ್ ಪ್ರಯರ್. ಮೂವರ ಒಪ್ಪಂದವೂ ಈ ಋತುವಿಗೆ ಮುಗಿಯುತ್ತದೆ. 2025ರ ಮಾರ್ಚ್ ತಿಂಗಳಿಗೆ ಆ ಮೂರು ಜಾಗವೂ ಖಾಲಿ.