ಚಿಮಣಿ ಬಂತು, ಪೈಪಿಗೆ ದಾರಿ ಎಲ್ಲಿ?

ದಾವಣಗೆರೆಯಲ್ಲಿ ಮನೆ ಕಟ್ಟಿಸುವವರು ದೇವರಕೋಣೆ ಬಾಗಿಲಿಗೆ ಎಷ್ಟು ಗಂಟೆ ತೂಗುಹಾಕಬೇಕೆಂದು ತಿಂಗಳುಗಟ್ಟಲೆ ಚರ್ಚಿಸುತ್ತಾರೆ. ಅಡುಗೆಮನೆ ಚಿಮಣಿಯ ಪೈಪಿನ ಮಾತು ಏಳುವುದು ಗೃಹಪ್ರವೇಶದ ಕಾರ್ಡು ಹಂಚಿದ ಮೇಲೆ. "ಪೈಪ್ ತಾನೆ ಸಾರ್, ಎಲ್ಲಾದ್ರೂ ಬಿಡೋಣ ಬಿಡ್ರಿ" ಎನ್ನುತ್ತಾನೆ ಮೇಸ್ತ್ರಿ. ಅಲ್ಲಿ ಆಗಲೇ ಬೀಮ್ ಬಂದು ಕೂತಿರುತ್ತದೆ. ಬೀಮ್ ಕೊರೆಯುವಂತಿಲ್ಲ.

ಕಟ್ಟೆ 33 ಇಂಚು, ಒಲೆ 5, ಒಲೆಯಿಂದ ಚಿಮಣಿಯ ತಳಕ್ಕೆ 28: ಅಲ್ಲಿಗೆ ಐದೂವರೆ ಅಡಿ. ಚಿಮಣಿಯ ಮೈ, ಪೈಪು ತಿರುಗುವ ಜಾಗ ಸೇರಿದರೆ ಗೋಡೆಯ ತೂತು ಬೀಳುವುದು ಹೆಚ್ಚುಕಡಿಮೆ ಏಳಡಿಗೆ. ಹಬ್ಬದ ಕೊಪ್ಪರಿಗೆ, ಸತ್ತ ಮಿಕ್ಸಿಯ ಡಬ್ಬ ಇಡುವ ಸಜ್ಜಾ ಇರುವುದೂ ಸರಿಯಾಗಿ ಅಷ್ಟೇ ಎತ್ತರಕ್ಕೆ! ಹಾಗಾಗಿ ಒಲೆಯ ನೇರಕ್ಕೆ ಮೂರಡಿ ಬಿಟ್ಟೇ ಸಜ್ಜಾ ಹಾಕಿಸಿ. ಟೈಲ್ಸ್ ಅಂಟಿಸುವ ಮುಂಚೆ 7 ಇಂಚಿನ ತೂತು, ಹೊರಕ್ಕೆ ತುಸು ಇಳಿಜಾರಾಗಿ. ಇಳಿಜಾರು ಒಳಕ್ಕಾದರೆ ಮಳೆನೀರು ಸೀದಾ ಸಾರಿನ ಪಾತ್ರೆಗೆ.

ತೂತು ಮರೆತವರ ಕಣ್ಣು ಬಾತ್‌ರೂಮಿನಲ್ಲಿ ಉಳಿದ 4 ಇಂಚಿನ ಪಿವಿಸಿ ಪೈಪಿನ ಮೇಲೆ ಬೀಳುತ್ತದೆ. ಚಿಮಣಿಯ ಬಾಯಿ 6 ಇಂಚು. ಎರಡೇ ಇಂಚು ತಾನೆ ಎನ್ನಬೇಡಿ. 28 ಚದರ ಇಂಚಿದ್ದ ದಾರಿ ಹನ್ನೆರಡೂವರೆಗೆ ಇಳಿಯುತ್ತದೆ. ಮೋಟರ್ ಜಾತ್ರೆ ಮೈಕಿನ ಹಾಗೆ ಅರಚುತ್ತದೆ, ಹೊಗೆ ಅಲ್ಲೇ ಇರುತ್ತದೆ, ಬಿಸಿಗೆ ಪಿವಿಸಿ ಮೆತ್ತಗಾಗುವುದು ಬೇರೆ. ಹಿಗ್ಗಿಸುವ ಅಲ್ಯೂಮಿನಿಯಂ ಪೈಪು ತಂದವರದ್ದು ಇನ್ನೊಂದು ಕಥೆ: ನಾಲ್ಕಡಿ ಸಾಕಾದರೂ, ದುಡ್ಡು ಕೊಟ್ಟದ್ದೆಂದು ಹತ್ತಡಿಯನ್ನೂ ಮುದುರಿ ತುರುಕುತ್ತಾರೆ. ಆ ನೆರಿಗೆಗಳಲ್ಲಿ ಎಣ್ಣೆ ಕೂರುತ್ತದೆ. ಬಿಗಿಯಾಗಿ ಎಳೆದು, ಮಿಕ್ಕದ್ದನ್ನು ಕತ್ತರಿಸಿ, ಕ್ಲಾಂಪ್ ಹಾಕಿ ಅಲ್ಯೂಮಿನಿಯಂ ಟೇಪು ಸುತ್ತಬೇಕು. ರಟ್ಟಿನ ಡಬ್ಬಕ್ಕೆ ಹಚ್ಚುವ ಕಂದು ಟೇಪು ಬಿಸಿಗೆ ಬಿಟ್ಟುಕೊಳ್ಳುತ್ತದೆ. ಬೆಂಡು ಒಂದು, ತಪ್ಪಿದರೆ ಎರಡು.

ಚಿತ್ರದುರ್ಗದ ಗುಡ್ಡದ ಗಾಳಿಯಂತ್ರಗಳನ್ನು ತಿರುಗಿಸುವ ಮುಂಗಾರಿನ ಪಡುವಣ ಗಾಳಿ, ಪೈಪಿನ ಬಾಯಿ ಪಶ್ಚಿಮಕ್ಕಿದ್ದರೆ ನಿಮ್ಮ ಒಗ್ಗರಣೆ ಘಾಟನ್ನು ನಿಮಗೇ ವಾಪಸ್ ಕೊಡುತ್ತದೆ. ಆಗ್ನೇಯದ ಅಡುಗೆಮನೆಗೆ ಪೂರ್ವದ ಗೋಡೆ ಸಿಗುವುದರಿಂದ ಈ ಒಂದು ವಿಷಯದಲ್ಲಿ ವಾಸ್ತು ಪಂಡಿತರಿಗೂ ಗಾಳಿಗೂ ಜಗಳವಿಲ್ಲ. ಆದರೂ ಹೊರಗೆ ರೆಕ್ಕೆ ಮುಚ್ಚಳ ಬೇಕು; ಇಲ್ಲದಿದ್ದರೆ ಗುಬ್ಬಿಗಳೇ ಮೊದಲು ಗೃಹಪ್ರವೇಶ ಮಾಡುತ್ತವೆ.

ಚಳಿದೇಶಗಳಲ್ಲಿ ಹೊರಹೋಗುವ ಗಾಳಿಯ ಬಿಸಿಯನ್ನು ಒಳಬರುವ ಗಾಳಿಗೆ ದಾಟಿಸುವ ಯಂತ್ರವೇ ಇದೆ. ದಾವಣಗೆರೆಯ ಏಪ್ರಿಲ್‌ನಲ್ಲಿ ಬಿಸಿ ಉಳಿಸಿಕೊಳ್ಳುವ ಹರಕೆ ಯಾರಿಗೂ ಇಲ್ಲ. ಆದರೆ ಹೋದಷ್ಟು ಗಾಳಿ ಒಳಗೆ ಬರಲೇಬೇಕೆಂಬ ಲೆಕ್ಕ ಇಲ್ಲಿಗೂ ಒಂದೇ. 10 ಅಡಿ ಉದ್ದ, 8 ಅಡಿ ಅಗಲ, 10 ಅಡಿ ಎತ್ತರದ ಕೋಣೆಯಲ್ಲಿರುವುದು ಸುಮಾರು 23 ಘನ ಮೀಟರ್ ಗಾಳಿ. ಗಂಟೆಗೆ 1000 ಘನ ಮೀಟರ್ ಎಳೆಯುವ ಚಿಮಣಿ ಅದನ್ನು ಒಂದೂವರೆ ನಿಮಿಷದೊಳಗೆ ಖಾಲಿ ಮಾಡಬೇಕು. ಕಿಟಕಿಗಳೆಲ್ಲ ಮುಚ್ಚಿದ್ದರೆ ಅದು ಬಚ್ಚಲಿನ ವಾಸನೆಯನ್ನೂ ಕರೆದು ತರುತ್ತದೆ. ಗ್ಯಾಸ್ ಗೀಸರಿನ ಹೊಗೆಯನ್ನು ಎಳೆದರಂತೂ ಅದು ನಗುವ ಮಾತಲ್ಲ, ಜೀವಕ್ಕೇ ಅಪಾಯ. ಮಂಡಕ್ಕಿಗೆ ಮೆಣಸಿನಕಾಯಿ ಕರಿಯುವ ಸಂಜೆ ಒಲೆ ಪಕ್ಕದ ಕಿಟಕಿ ಬಿಟ್ಟು ಎದುರಿನದನ್ನು ತೆರೆಯಿರಿ. ಅನುಮಾನವಿದ್ದರೆ ಎಣ್ಣೆ ಇಡುವ ಮುಂಚೆ ಚಿಮಣಿ ಕೆಳಗೆ ಊದುಬತ್ತಿ ಹಿಡಿದು ನೋಡಿ.