ಫೋಟೋ ಸೆಲೆಕ್ಟ್ ಮಾಡಿಕೊಡಿ, ದಯವಿಟ್ಟು

ನಮ್ಮ ಸ್ಟುಡಿಯೋದ ಮೇಜಿನ ಡ್ರಾಯರ್‌ನಲ್ಲಿ ಈಗ 11 ಮದುವೆಗಳಿವೆ. ಒಂದೊಂದು ಹಾರ್ಡ್ ಡಿಸ್ಕ್ ಮೇಲೂ ಬಿಳಿ ಟೇಪ್ ಅಂಟಿಸಿ ಹುಡುಗ ಹುಡುಗಿ ಹೆಸರು, ತಾರೀಖು ಬರೆದಿಟ್ಟಿದ್ದೇನೆ. ಈ 11 ಮನೆಗಳಲ್ಲಿ ಮದುವೆ ಮುಗಿದಿದೆ, ಬೀಗರ ಊಟ ಮುಗಿದಿದೆ, ಎರಡು ಮನೆಯಲ್ಲಿ ನಾಮಕರಣವೂ ಆಗಿದೆ. ನಾಮಕರಣದ ಫೋಟೋ ತೆಗೆದವರೂ ನಾವೇ. ಆದರೆ ಮದುವೆ ಆಲ್ಬಮ್ ಮಾತ್ರ ಇನ್ನೂ ಆಗಿಲ್ಲ. ಯಾಕಂದ್ರೆ ಆಲ್ಬಮ್‌ಗೆ ಯಾವ ಫೋಟೋ ಹಾಕಬೇಕು ಅಂತ ಅವರು ಆರಿಸಿ ಕೊಟ್ಟಿಲ್ಲ. ಆಲ್ಬಮ್ ಕೈಗೆ ಸಿಗುವ ತನಕ ಬಾಕಿ ಹಣ ಕೊಡುವ ಪದ್ಧತಿ ಇಲ್ಲ. ಹೀಗೆ ಆ ಡ್ರಾಯರ್‌ನಲ್ಲಿ ನಮ್ಮ ಮೂರು ಲಕ್ಷ ರೂಪಾಯಿ ಕೂತಿದೆ.

ಇದನ್ನು ಯಾರ ಮೇಲೂ ಕೋಪದಿಂದ ಬರೆಯುತ್ತಿಲ್ಲ. ನಮ್ಮ ಮನೆ ಹೇಗೆ ನಡೆಯುತ್ತದೆ ಅಂತ ಗೊತ್ತಾದರೆ ನಿಮಗೂ ಅರ್ಥ ಆಗುತ್ತದೆ ಅನ್ನಿಸಿತು, ಅದಕ್ಕೆ ಬರೆಯುತ್ತಿದ್ದೇನೆ.

ನಮ್ಮದು ತಿಪಟೂರು. ಸ್ಟುಡಿಯೋ ಶುರು ಮಾಡಿದ್ದು ನಮ್ಮ ಮಾವ, ರೋಲ್ ಕಾಲದಲ್ಲಿ. ಈಗ ನಮ್ಮ ಯಜಮಾನರು ವಿಡಿಯೋ ನೋಡಿಕೊಳ್ಳುತ್ತಾರೆ, ನಾನು ಫೋಟೋ. ಮದುವೆಯಾಗಿ ಈ ಮನೆಗೆ ಬಂದಾಗ ನನಗೆ ಕ್ಯಾಮೆರಾ ಹಿಡಿಯೋಕೂ ಬರುತ್ತಿರಲಿಲ್ಲ. ಮಾವ ಮೊದಲು ಪಾಸ್‌ಪೋರ್ಟ್ ಫೋಟೋ ನೇರವಾಗಿ ಕತ್ತರಿಸೋದು ಕಲಿಸಿದರು. ಆಮೇಲೆ ಫೋಟೋಶಾಪ್. ದೊಡ್ಡವಳು ಹುಟ್ಟಿ ಒಂದು ವರ್ಷ ಆದ ಮೇಲೆ ಮದುವೆಗಳಿಗೆ ಹೋಗತೊಡಗಿದೆ. ಹೆಣ್ಣಿನ ರೂಮಿನಲ್ಲಿ ಸೀರೆ ಉಡಿಸುವಾಗ, ಜಡೆ ಹಾಕುವಾಗ ಹೆಂಗಸೊಬ್ಬಳು ಕ್ಯಾಮೆರಾ ಹಿಡಿದಿದ್ದರೆ ಎಲ್ಲರೂ ಆರಾಮಾಗಿರುತ್ತಾರೆ. ಆ ರೂಮಿನಲ್ಲಿ ಅಮ್ಮ ಮಗಳ ಮುಖ ನೋಡುವ ರೀತಿ ಇದೆಯಲ್ಲ, ಅದು ಸ್ಟೇಜ್ ಮೇಲೆ ಯಾವತ್ತೂ ಸಿಗುವುದಿಲ್ಲ.

ಯುಗಾದಿಗೆ ಹೊಸ ಪಂಚಾಂಗ ಬಂದ ತಕ್ಷಣ ನಾವು ಮೊದಲು ಲಗ್ನದ ಮುಹೂರ್ತ ನೋಡುತ್ತೇವೆ. ಏಪ್ರಿಲ್, ಮೇ ಪೂರ್ತಿ ಓಟ. ಆಷಾಢ ಬಂತು ಅಂದ್ರೆ ಕೆಲಸ ನಿಂತಿತು. ಶ್ರಾವಣದಲ್ಲಿ ಸ್ವಲ್ಪ, ಪಿತೃಪಕ್ಷದಲ್ಲಿ ಇಲ್ಲ, ಕಾರ್ತಿಕದಲ್ಲಿ ಮತ್ತೆ ಓಟ, ಧನುರ್ಮಾಸದಲ್ಲಿ ಮತ್ತೆ ಖಾಲಿ. ಖಾಲಿ ತಿಂಗಳುಗಳಲ್ಲಿ ಪಾಸ್‌ಪೋರ್ಟ್ ಫೋಟೋ, ಮಕ್ಕಳ ಹುಟ್ಟುಹಬ್ಬ, ಫ್ರೇಮ್ ಕಟ್ಟೋದು, ಇಷ್ಟರಲ್ಲೇ ನಡೆಯಬೇಕು. ಮಕ್ಕಳ ಶಾಲೆ ಶುರುವಾಗೋದು, ಫೀಸು ಕಟ್ಟಬೇಕಾದ್ದು ಸರಿಯಾಗಿ ಆಷಾಢ ಹತ್ತಿರ ಬಂದಾಗ. ಲೆನ್ಸ್‌ನ ಇಎಂಐಗೆ ಪಂಚಾಂಗ ಗೊತ್ತಿಲ್ಲ. ಸಹಾಯಕ್ಕೆ ಬರುವ ಇಬ್ಬರು ಹುಡುಗರಿಗೆ ಅವತ್ತಿನ ದುಡ್ಡು ಅವತ್ತೇ ಕೊಡಬೇಕು. ಲ್ಯಾಬ್‌ನವರಿಗೆ ಪ್ರಿಂಟ್‌ಗೆ ಮೊದಲೇ ಕೊಡಬೇಕು. ಎಲ್ಲರಿಗೂ ಕೊಟ್ಟ ಮೇಲೆ ಮನೆಗೆ ಉಳಿಯೋದು ಆ ಕೊನೆಯ ಬಾಕಿ ಹಣವೇ.

ಕಳೆದ ಜೂನ್‌ನಲ್ಲಿ ಮಗಳ ಫೀಸಿಗೆ ನನ್ನ ಎರಡು ಬಳೆ ಅಡ ಇಟ್ಟೆ. ಮನೆಗೆ ಬಂದು ಡ್ರಾಯರ್ ತೆಗೆದು ಆ ಡಿಸ್ಕ್‌ಗಳನ್ನೇ ನೋಡುತ್ತಾ ಕೂತಿದ್ದೆ.

ಒಂದು ಮದುವೆ ಅಂದ್ರೆ ಹಿಂದಿನ ಸಂಜೆ ವರಪೂಜೆ, ರಿಸೆಪ್ಷನ್. ಅದು ಮುಗಿಯುವಾಗ ರಾತ್ರಿ ಹನ್ನೊಂದೂವರೆ. ಛತ್ರದ ಮೂಲೆಯಲ್ಲಿ ಜಮಖಾನ ಹಾಸಿಕೊಂಡು, ಕ್ಯಾಮೆರಾ ಬ್ಯಾಗ್ ತಲೆ ಪಕ್ಕ ಇಟ್ಟುಕೊಂಡು ಮಲಗುತ್ತೇವೆ. ನಾಲ್ಕು ಗಂಟೆಗೆ ಎದ್ದು ಮತ್ತೆ ಶುರು. ಮನೆಯಲ್ಲಿ ಮಕ್ಕಳನ್ನು ಅತ್ತೆ ನೋಡಿಕೊಳ್ಳುತ್ತಾರೆ. ಅತ್ತೆ ಇಲ್ಲದಿದ್ದರೆ ಈ ಸ್ಟುಡಿಯೋ ಇಲ್ಲ. ಒಮ್ಮೆ ಮಗನಿಗೆ ಜ್ವರ 103 ಇತ್ತು. ಬೆಳಗ್ಗೆ ಧಾರೆ. ಒಪ್ಪಿಕೊಂಡ ಮೇಲೆ ಬಿಡೋ ಹಾಗಿಲ್ಲ, ಹೋದೆ. ಅಂತರಪಟ ಹಿಡಿದಿದ್ದರು. ಆಚೆ ಹುಡುಗ, ಈಚೆ ಹುಡುಗಿ, ಇಬ್ಬರ ಕೈಯಲ್ಲೂ ಜೀರಿಗೆ ಬೆಲ್ಲ. ಪುರೋಹಿತರು ಕೈ ಎತ್ತಿದರು, ಗಟ್ಟಿಮೇಳ ಶುರುವಾಯಿತು, ಪಟ ಸರಿಯಿತು. ಆ ಎರಡು ಮೂರು ಸೆಕೆಂಡ್‌ನಲ್ಲಿ ಹುಡುಗಿ ಕಣ್ಣೆತ್ತಿ ನೋಡುವುದನ್ನು ಹಿಡಿಯಬೇಕು. ಸುತ್ತ ಹತ್ತು ಮೊಬೈಲ್ ಮುಂದಕ್ಕೆ ಬಂದಿರುತ್ತವೆ, ಅಕ್ಷತೆ ಲೆನ್ಸ್ ಮೇಲೆ ಬೀಳುತ್ತಿರುತ್ತದೆ. ಹಿಡಿದೆ. ಅದಾದ ಮೇಲೆ ಪಕ್ಕಕ್ಕೆ ಬಂದು ಅತ್ತೆಗೆ ಫೋನ್ ಮಾಡಿದೆ. "ಜ್ವರ ಇಳೀತಾ ಇದೆ, ಗಂಜಿ ಕುಡಿದ, ನೀನು ಕೆಲಸ ಮುಗಿಸ್ಕೊಂಡು ಬಾ" ಅಂದರು.

ಆ ಮದುವೆಯ ಡಿಸ್ಕ್ ಕೂಡ ಡ್ರಾಯರ್‌ನಲ್ಲೇ ಇದೆ.

ಮಾವನ ಕಾಲದಲ್ಲಿ ಸೆಲೆಕ್ಷನ್ ಅನ್ನೋ ಮಾತೇ ಇರಲಿಲ್ಲ. ಒಂದು ರೋಲ್‌ಗೆ 36 ಫೋಟೋ. ಆರು ರೋಲ್ ಅಂದ್ರೆ ದೊಡ್ಡ ಮದುವೆ, 216 ಫೋಟೋ. ತೊಳೆಸಿ, ಪ್ರಿಂಟ್ ಹಾಕಿಸಿ, ಆಲ್ಬಮ್‌ಗೆ ಸೇರಿಸಿ ಕೊಟ್ಟುಬಿಡುತ್ತಿದ್ದರು. ಆ ಆಲ್ಬಮ್ ಬರುವ ತನಕ ಮನೆಯವರು ತಮ್ಮ ಮದುವೆಯನ್ನೇ ನೋಡಿರುತ್ತಿರಲಿಲ್ಲ. ದಿನಾ ಸ್ಟುಡಿಯೋ ಬಾಗಿಲಿಗೆ ಬಂದು "ಬಂತಾ ಅಣ್ಣ?" ಅಂತ ಕೇಳುತ್ತಿದ್ದರಂತೆ. ಈಗ ಒಂದು ಮದುವೆಗೆ ಎರಡೂವರೆ ಸಾವಿರ ಫೋಟೋ ಆಗುತ್ತದೆ. ಅದರಲ್ಲಿ 250 ಆರಿಸಿದರೆ 40 ಶೀಟ್‌ನ ಆಲ್ಬಮ್ ಆಗುತ್ತದೆ. ಆದರೆ ಧಾರೆ ಮುಗಿಯುವುದರೊಳಗೆ ಎಲ್ಲರ ಸ್ಟೇಟಸ್‌ನಲ್ಲೂ ಮದುವೆ ಬಂದಿರುತ್ತದೆ. ನೋಡುವ ಆಸೆ ಅವತ್ತೇ ತೀರಿಹೋಗುತ್ತದೆ. ಆಲ್ಬಮ್ ತಡ ಆಗೋದಕ್ಕೆ ನಿಜವಾದ ಕಾರಣ ಇದೇ ಅಂತ ನಾನು ನಂಬಿದ್ದೇನೆ. ಯಾರಿಗೂ ಮೋಸ ಮಾಡುವ ಉದ್ದೇಶ ಇಲ್ಲ. ಹುಡುಗ ಹುಡುಗಿ ಬೆಂಗಳೂರಿಗೆ ಹೋಗುತ್ತಾರೆ, ಆರಿಸೋಕೆ ಅಂತ ನಾವು ಫೋಟೋ ಹಾಕಿ ಕೊಟ್ಟ ಪೆನ್‌ಡ್ರೈವ್ ಬೀರುವಿನಲ್ಲಿ ಉಳಿಯುತ್ತದೆ. ಫೋನ್ ಮಾಡಿದರೆ "ನೋಡ್ತಾ ಇದ್ದೀವಿ ಅಕ್ಕ, ಈ ವಾರ ಕೊಡ್ತೀವಿ" ಅನ್ನುತ್ತಾರೆ.

ಕಷ್ಟಕ್ಕೆ ಬಾಕಿ ಉಳಿಸಿಕೊಂಡವರ ಮಾತು ಬೇರೆ. ನಮ್ಮೂರಲ್ಲಿ "ಕೊಬ್ಬರಿ ರೇಟು ಬರಲಿ, ಕೊಡ್ತೀವಿ" ಅಂದ್ರೆ ನಾವು ಎರಡನೇ ಮಾತು ಆಡುವುದಿಲ್ಲ. 2023ರಲ್ಲಿ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ ಇದ್ದರೂ ಮಾರುಕಟ್ಟೆಯಲ್ಲಿ ರೇಟು ಅದಕ್ಕಿಂತ ತುಂಬಾ ಕೆಳಗಿತ್ತು. ಆ ವರ್ಷ ಎಷ್ಟೋ ಮನೆಗಳಿಗೆ ಕಾದಿದ್ದೇವೆ. ಕೊಬ್ಬರಿ ಮಾರಿದ ದಿನವೇ ಬಂದು ಹಣ ಎಣಿಸಿ ಕೊಟ್ಟು, ಜೊತೆಗೆ ಮಕ್ಕಳಿಗೆ ಅಂತ ಎಳನೀರು ಇಳಿಸಿ ಹೋದವರಿದ್ದಾರೆ. ಅಂಥವರಿಗೆ ಎಷ್ಟು ದಿನ ಬೇಕಾದರೂ ಕಾಯುತ್ತೇವೆ.

ಈಗ ಒಂದು ಘಟನೆ ಹೇಳುತ್ತೇನೆ. ಒಂದು ರಾತ್ರಿ ಹತ್ತು ಗಂಟೆಗೆ ಫೋನ್ ಬಂತು. "ಅಕ್ಕ, ಅಜ್ಜಿ ಹೋಗ್ಬಿಟ್ರು. ಬೆಳಗ್ಗೆ ಮಣ್ಣು. ಆಧಾರ್ ಕಾರ್ಡಿಂದು ಬಿಟ್ರೆ ಒಂದು ಫೋಟೋ ಇಲ್ಲ." ಹೆಸರು ಕೇಳಿದ ಕೂಡಲೇ ಡ್ರಾಯರ್ ನೆನಪಾಯಿತು. ಮೂರು ವರ್ಷದ ಹಿಂದಿನ ಮದುವೆ. ಡಿಸ್ಕ್ ಹಾಕಿ ಹುಡುಕಿದೆ. ಸ್ಟೇಜ್ ಮೇಲಿನ ಗ್ರೂಪ್ ಫೋಟೋದಲ್ಲಿ ಅಜ್ಜಿ ಕಣ್ಣು ಮುಚ್ಚಿದ್ದರು. ಊಟದ ಫೋಟೋಗಳಿಗೆ ಬಂದೆ. ಮೊದಲ ಪಂಕ್ತಿಯ ಕೊನೆಯಲ್ಲಿ ಕೂತಿದ್ದಾರೆ. ಹಸಿರು ಸೀರೆ, ಮೂಗುಬೊಟ್ಟು. ಎಲೆಯಲ್ಲಿದ್ದ ಹೋಳಿಗೆ ಮುರಿದು ಪಕ್ಕದ ಮಗುವಿಗೆ ಕೊಡುತ್ತಾ ಯಾರನ್ನೋ ನೋಡಿ ಬಾಯಿ ತುಂಬ ನಗುತ್ತಿದ್ದಾರೆ. ಅಷ್ಟು ಭಾಗ ಕ್ರಾಪ್ ಮಾಡಿದೆ, ಹಿಂದಿನ ಜನರನ್ನು ತೆಗೆದು ತಿಳಿ ನೀಲಿ ಹಾಕಿದೆ. ನಮ್ಮ ಪ್ರಿಂಟರ್‌ನಲ್ಲೇ ಪ್ರಿಂಟ್ ತೆಗೆದು ಯಜಮಾನರು ಫ್ರೇಮ್ ಕಟ್ಟಿದರು. ಬೆಳಗ್ಗೆ ಆರಕ್ಕೆ ಬಂದವರು ನೋಡಿ ಅತ್ತುಬಿಟ್ಟರು. "ಈ ಫೋಟೋ ನಮ್ಮ ಹತ್ರ ಇರ್ಲೇ ಇಲ್ವಲ್ಲ ಅಕ್ಕ" ಅಂದರು. "ನಿಮ್ಮ ಪೆನ್‌ಡ್ರೈವ್‌ನಲ್ಲೇ ಇದೆ" ಅಂದೆ.

ಆ ಅಜ್ಜಿ ತಮ್ಮ ಆ ಫೋಟೋ ನೋಡಲೇ ಇಲ್ಲ. ಆಲ್ಬಮ್ ಆಗಿದ್ದರೆ ಮೂರು ವರ್ಷ ಮನೆಗೆ ಬಂದವರಿಗೆಲ್ಲ ತೋರಿಸುತ್ತಿದ್ದರು ಅಲ್ವಾ? ಹಣಕ್ಕಿಂತ ಜಾಸ್ತಿ ನನಗೆ ನೋವಾದದ್ದು ಅದೇ.

ಅದಕ್ಕೇ ಈ ಯುಗಾದಿಯಿಂದ ನಾವು ಪದ್ಧತಿ ಬದಲಾಯಿಸಿದ್ದೇವೆ. ಒಪ್ಪಿಕೊಳ್ಳುವಾಗ 30 ಪರ್ಸೆಂಟ್, ವರಪೂಜೆ ದಿನ 50, ಆಲ್ಬಮ್ ಕೊಡುವಾಗ 20. ಸೆಲೆಕ್ಷನ್‌ಗೆ 60 ದಿನ. ಅಷ್ಟರಲ್ಲಿ ಕೊಡದಿದ್ದರೆ ನಾನೇ ಆರಿಸಿ ಆಲ್ಬಮ್ ಮಾಡುತ್ತೇನೆ. ಅದರಲ್ಲಿ ಎರಡೂ ಕಡೆಯ ಅಜ್ಜಿ, ತಾತಂದಿರು ಖಂಡಿತ ಇರುತ್ತಾರೆ. ಮಕ್ಕಳ ಪರೀಕ್ಷೆ ಇರುವ ವಾರ ನಾನು ಮದುವೆ ಒಪ್ಪಿಕೊಳ್ಳುವುದಿಲ್ಲ. ಇದನ್ನು ಕೇಳಿ ಕೆಲವರು ಬೇರೆ ಕಡೆ ಹೋದರು. ಅಹಂಕಾರ ಅಂದವರೂ ಇದ್ದಾರೆ. ಮನೆ ನಡೆಸೋಕೆ ಇಷ್ಟು ಬೇಕೇ ಬೇಕು, ಹಾಗಾಗಿ ಇದರಲ್ಲಿ ನಾನು ಹಿಂದೆ ಸರಿಯುವುದಿಲ್ಲ.

ಈಗ ಆಷಾಢ. ನಾವಿಬ್ಬರೂ ಊರಲ್ಲೇ ಇದ್ದೇವೆ. ಆ 11 ಮನೆಯವರಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಭಾನುವಾರ ಬನ್ನಿ. ಪೆನ್‌ಡ್ರೈವ್ ಕಳೆದುಹೋಗಿದ್ದರೂ ಪರವಾಗಿಲ್ಲ, ಡಿಸ್ಕ್ ನನ್ನ ಹತ್ತಿರ ಇದೆ. ಜೊತೆಗೆ ಕೂತು ಆರಿಸೋಣ. ಎರಡು ಗಂಟೆ ಸಾಕು. ಮನೆಯಲ್ಲಿ ಹಿರಿಯರಿದ್ದರೆ ಅವರನ್ನೂ ಕರೆದುಕೊಂಡು ಬನ್ನಿ, ಕುರ್ಚಿ ಹಾಕಿರುತ್ತೇನೆ.